ಕಂಪ್ಯೂಟರಿನಲ್ಲಿ ಕರಡಿ

೨೨ ಏಪ್ರಿಲ್ ೨೦೦೨, ಸೋಮವಾರ

ಐದೂ ಗ್ರಹಗಳನ್ನು ನೋಡಿದೆ. ಒಂದೇ ಸಂಜೆ, ಬರಿಗಣ್ಣಿನಲ್ಲಿ, ಯಲ್ಲಾಪುರದ ಮೈದಾನದಲ್ಲಿ ನಿಂತು. ಮರದ ಮಿಲ್ಲಿನ ತಗಡಿನ ಮೇಲೆ ಮಿಣುಕುವ ಬುಧ, ಅದರ ಮೇಲೆ ಶುಕ್ರ, ಆಮೇಲೆ ಮಂಗಳ, ಶನಿ, ಎಲ್ಲಕ್ಕಿಂತ ಎತ್ತರದಲ್ಲಿ ಗುರು. ಪತ್ರಿಕೆಯಲ್ಲಿ ಬರೆದ ಹಾಗೆಯೇ, ಬರೆದ ಜಾಗದಲ್ಲಿಯೇ. ಅರವತ್ತೊಂದನೆಯ ವಯಸ್ಸಿನಲ್ಲಿ ಇಂಥದ್ದೊಂದು ಸಂಜೆ ಸಿಕ್ಕಿತಲ್ಲ.

ಪಕ್ಕದ ಮನೆಯ ಸೀತಾ ಮತ್ತು ಅವಳ ಮಗಳು ಅಭಿಜ್ಞಾಳನ್ನೂ ಕರೆದುಕೊಂಡು ಹೋಗಿದ್ದೆ. ಸೀತಾ ಕತ್ತೆತ್ತಿ ನೋಡಿ, "ಅತ್ತಿಗೆ, ಇದ್ರಿಂದ ನಂಗಕ್ಕೆ ಎಂತೂ ಆಗ್ತಿಲ್ಲೆ ಅಲ್ದ?" ಎಂದಳು.

"ಆಗ್ತು. ಕುತ್ತಿಗೆ ನೋಯ್ತು," ಎಂದೆ.

ಅವಳು ನಗಲಿಲ್ಲ. ಈ ಊರನ್ನು ನಾನು ಬಲ್ಲೆ. ಆಕಾಶದಿಂದ ಸ್ಕೈಲ್ಯಾಬ್ ನೌಕೆ ತಲೆಯ ಮೇಲೆ ಬೀಳುತ್ತದೆಂದ ವಾರ ಇಲ್ಲಿ ಕೋಳಿಗಳೆಲ್ಲ ಮುಗಿದಿದ್ದವು. ಸಾಯುವ ಮುಂಚೆ ತಿಂದುಬಿಡೋಣ ಅಂತ. ಎಂಬತ್ತರ ಗ್ರಹಣದ ಮಧ್ಯಾಹ್ನ ಪೋಸ್ಟಾಫೀಸಿನ ಅಂಗಳದಲ್ಲಿ ನಿಂತಿದ್ದವಳು ನಾನೊಬ್ಬಳೇ, ಇಡೀ ಪೇಟೆ ಕದ ಹಾಕಿಕೊಂಡಿತ್ತು. ಗಣಪತಿ ಹಾಲು ಕುಡಿದ ದಿನ ಚಮಚ ಹಿಡಿದು ಸಾಲು ನಿಂತವರಲ್ಲಿ ನಮ್ಮ ಇಲಾಖೆಯವರೇ ಇದ್ದರು. ಇನ್ನು ಆ ಕಾರ್ಡುಗಳು! "ಇದನ್ನು ಓದಿದ ಕೂಡಲೇ ಇಪ್ಪತ್ತೊಂದು ಮಂದಿಗೆ ಬರೆಯಿರಿ, ಬರೆಯದವನು ರಕ್ತ ಕಾರಿ ಸತ್ತ." ಮೂವತ್ತು ವರ್ಷ ಅವಕ್ಕೆ ಮುದ್ರೆ ಒತ್ತಿ ಹಂಚಿದ್ದೇನೆ. ನಿಯಮವಿತ್ತು, ಹರಿದು ಹಾಕುವಂತಿರಲಿಲ್ಲ. ಬರೆದವರಿಗೆ ಸಿಕ್ಕಿದಲ್ಲೆಲ್ಲ ಬೈದಿದ್ದಂತೂ ಉಂಟು. ಒಬ್ಬರೇ ಒಬ್ಬರು, "ಇದನ್ನು ಯಾರು ನೋಡಿದರು? ಎಲ್ಲಿ?" ಎಂದು ಕೇಳಲಿಲ್ಲವಲ್ಲ.

೨೭ ಏಪ್ರಿಲ್, ಶನಿವಾರ

ನನಗೊಂದು ಇ-ಮೇಲ್ ವಿಳಾಸ ಆಯಿತು. ಅಂಚೆಯಿಲ್ಲ, ಚೀಟಿಯಿಲ್ಲ, ಮುದ್ರೆಯಿಲ್ಲ. ಶಿರಸಿಯ ಕಿಶೋರನಿಗೆ ಎರಡು ಸಾಲು ಬರೆದೆ. ನಾನು ಕುರ್ಚಿಯಿಂದ ಏಳುವುದರೊಳಗೆ ಉತ್ತರ ಬಂತು. ಕಿಶೋರ ಅಲ್ಲಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾನೆ, ವಿಜ್ಞಾನದ ಓದು ಇರುವ ನಮ್ಮಂಥ ಹತ್ತಾರು ಜನರಿಗೆ ಅವನೇ ಗುರು.

ಬಸ್ ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡ ಹುಡುಗಿಯೊಬ್ಬಳಿದ್ದಾಳೆ. ಬನವಾಸಿ ಕಡೆಯವಳು, ಶಿಲ್ಪಾ ಅಂತ. ಹುಬ್ಬಳ್ಳಿಯಲ್ಲಿ ಕಲಿತು ಬಂದವಳು. ತಂದೆ ಸಂಗಯ್ಯ ಜೋಳದ ವ್ಯಾಪಾರಿ. ಮಗಳು ಪರ ಊರಿನಲ್ಲಿ ಅಂಗಡಿ ಇಡುವುದು ಅವನಿಗೆ ಇಷ್ಟವೇ ಇರಲಿಲ್ಲವಂತೆ. ಕೊನೆಗೆ ಒಂದು ಮಾತಿಗೆ ಒಪ್ಪಿದ್ದಾನೆ. ಹತ್ತನೇ ಕ್ಲಾಸಿನ ಫಲಿತಾಂಶ ಈ ಸಲ ಇಂಟರ್ನೆಟ್ಟಿನಲ್ಲಿ ಬರುತ್ತದೆ. ಆ ದಿನ ಇವಳ ನಾಲ್ಕೂ ಕುರ್ಚಿ ತುಂಬಿದರೆ ಅಂಗಡಿ ಉಳಿಯಿತು. ತುಂಬದಿದ್ದರೆ ಟೆಂಪೋ ತಂದು ಎಲ್ಲ ಕಟ್ಟಿಕೊಂಡು ಹೋಗುತ್ತಾನೆ.

"ತುಂಬತಾವ್ರಿ ಅಮ್ಮಾರ," ಎಂದಳು, ಯಾವ ಆತಂಕವೂ ಇಲ್ಲದೆ. ಸ್ವಲ್ಪ ಉಡಾಫೆಯ ಹುಡುಗಿ ಎನಿಸಿತು.

ಪಾಸ್‌ವರ್ಡ್ ಯಾರಿಗೂ, ತನಗೂ ಹೇಳಬಾರದೆಂದು ನನಗೆ ಹೇಳಿಕೊಡುತ್ತಿದ್ದಳು. ಅಷ್ಟರಲ್ಲಿ ಆಚೆ ಕುರ್ಚಿಯ ಅಡಿಕೆ ವ್ಯಾಪಾರಿ, "ತಂಗೀ, ನನ್ನ ಪಾಸ್‌ವರ್ಡ್ ಎಂತ ಆಗಿತ್ತೇ?" ಎಂದು ಕೂಗಿದ. ಮೂರು ಜನ ಒಟ್ಟಿಗೇ "ಮಾರಿಕಾಂಬೆ" ಎಂದರು. ಇದು ನಮ್ಮ ಭದ್ರತೆ.

೪ ಮೇ, ಶನಿವಾರ

ಪತ್ರಿಕೆಯಲ್ಲಿ ಹೊಸ ವೈರಸ್ಸಿನ ಸುದ್ದಿ. ಹೊಕ್ಕ ಕಂಪ್ಯೂಟರಿನಿಂದ ಯಾರದೋ ಹೆಸರು ಕದ್ದು, ಆ ಹೆಸರಿನಲ್ಲಿ ಇನ್ನೊಬ್ಬರಿಗೆ ಕಾಗದ ಹಾಕುತ್ತದಂತೆ. ಪೋಸ್ಟಿನಲ್ಲಿ ಕಳಿಸಿದವನ ಹೆಸರು ಸುಳ್ಳಾದರೂ ಯಾವ ಊರಿನ ಮುದ್ರೆ ಎಂದು ನೋಡಬಹುದಿತ್ತು. ಇಲ್ಲಿ ಮುದ್ರೆಯೇ ಇಲ್ಲ. ಮುದ್ರೆಯಿಲ್ಲದ ಕಾಗದವನ್ನು ಒಪ್ಪಿಕೊಳ್ಳುವ ವ್ಯವಸ್ಥೆಯನ್ನು ಯಾವ ಪುಣ್ಯಾತ್ಮ ಕಟ್ಟಿದನೋ. ನಮ್ಮ ಯಜಮಾನರಿಗೆ ಓದಿ ಹೇಳಿದೆ. "ಹಾಂ," ಎಂದು ಪತ್ರಿಕೆಯ ಇನ್ನೊಂದು ಹಾಳೆ ಎತ್ತಿಕೊಂಡರು.

೯ ಮೇ, ಗುರುವಾರ

ಅಂಗಡಿಯಿಂದ ಬಂದವಳೇ ಬರೆಯುತ್ತಿದ್ದೇನೆ. ನಾನು ವೈರಸ್ ಹಿಡಿದೆ.

ಕಿಶೋರನಿಂದ ಮೇಲ್ ಬಂದಿತ್ತು. ಒಂದು ಹೊಸ ವೈರಸ್ಸು, ಯಾವ ತಪಾಸಣೆಗೂ ಸಿಗುವುದಿಲ್ಲ. ಎರಡು ವಾರ ಸುಮ್ಮನೆ ಮಲಗಿದ್ದು ಆಮೇಲೆ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ಹಾಕುತ್ತದೆ. ಕಡತದ ಹೆಸರು ಇಂಥದ್ದು, ಅದರ ಮೇಲೆ ಪುಟ್ಟ ಕರಡಿಯ ಚಿತ್ರವಿರುತ್ತದೆ, ಹುಡುಕಿ ಅಳಿಸಿ, ಗೊತ್ತಿದ್ದವರಿಗೆಲ್ಲ ತಕ್ಷಣ ತಿಳಿಸಿ. ಕಿಶೋರ ಕಳಿಸಿದ್ದೆಂದ ಮೇಲೆ ಮಾತಿಲ್ಲ. ಆದರೂ ನಾನು ಕಣ್ಣಿಂದ ನೋಡದೆ ನಂಬುವವಳಲ್ಲ. ಆ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಹುಡುಕಿದೆ. ಬಂತು. ಬೂದು ಬಣ್ಣದ ಕರಡಿ, ಆಟಿಕೆಯ ಹಾಗೆ ಕೂತಿತ್ತು.

ಶಿಲ್ಪಾಳನ್ನು ಕರೆದು ತೋರಿಸಿದೆ. ಅವಳು ಹೆದರಲೂ ಇಲ್ಲ. "ಇರ್ಲಿ ಬಿಡ್ರಿ ಅಮ್ಮಾರ. ಹುಬ್ಬಳ್ಳಿ ನಮ್ಮ ಸರ್‍ಗೆ ಕೇಳ್ತೀನಿ. ಅವ್ರು ಊರಾಗಿಲ್ಲ, ಮುಂದಿನ ವಾರ ಬರ್ತಾರ."

"ಮುಂದಿನ ವಾರವೇ? ಅಷ್ಟರಲ್ಲಿ ಊರಿನ ಕಂಪ್ಯೂಟರೆಲ್ಲ ಹೋಗಿರುತ್ತವೆ."

"ಕೇಳದ ಅಳಿಸಬ್ಯಾಡ್ರಿ. ಹೇಳಲೂಬ್ಯಾಡ್ರಿ. ರಿಸಲ್ಟ್ ಹತ್ರ ಬಂತು."

ನೋಡು, ಅವಳ ಚಿಂತೆ ಯಾವುದರ ಮೇಲಿದೆ. ಊರು ಹಾಳಾದರೂ ಸರಿ, ಅಂಗಡಿ ತುಂಬಬೇಕು. ಇಂಥವರಿಂದಲೇ ರೋಗ ಹರಡುವುದು. ಸುಮ್ಮನಿರಲು ನನ್ನಿಂದ ಆಗದು.

೧೧ ಮೇ, ಶನಿವಾರ

ಎರಡು ದಿನ ಕಾಲಿಗೆ ಬಿಡುವಿಲ್ಲ, ಆದರೂ ದಣಿವಿಲ್ಲ.

ಕಾಗದ ಸಾಲದೆಂದು ನನಗಿಂತ ಚೆನ್ನಾಗಿ ಯಾರು ಬಲ್ಲರು? ಮದುವೆಯ ಕರೆಯೋಲೆ ರಿಜಿಸ್ಟರ್ಡ್ ಅಂಚೆಯಲ್ಲಿ ಬಂದರೂ, ಮನೆಗೆ ಬಂದು, ಕೂತು, ಬಾಯಲ್ಲಿ ಹೇಳಿಕೆ ಮಾಡದಿದ್ದರೆ ಈ ಕಡೆ ಯಾರೂ ಹೋಗುವುದಿಲ್ಲ. ಹೇಳಿಕೆ ಆಯಿತೋ, ಮತ್ತೆ ಅನುಮಾನವಿಲ್ಲ. ಹಾಗಾಗಿ ಕೊಡೆ ಹಿಡಿದು ಹೊರಟೆ. ಕಂಪ್ಯೂಟರ್ ಇರುವ ಮನೆ, ಅಂಗಡಿ, ಮರದ ವ್ಯಾಪಾರಿಯ ಆಫೀಸು, ಲಾರಿ ಬುಕಿಂಗಿನವರು, ಯಾರನ್ನೂ ಬಿಡಲಿಲ್ಲ. ಕೂತೆ, ಕುಡಿಯಲು ಕೊಟ್ಟದ್ದನ್ನು ಕುಡಿದೆ, ಹೇಳಿದೆ. "ಎಲ್ಲಿ ನೋಡ್ದಿ ಪೋಸ್ಟಕ್ಕ?" ಎಂದು ಕೇಳಿದವರಿಗೆ, "ಬಸ್ ಸ್ಟ್ಯಾಂಡಿನ ಎದುರು ಶಿಲ್ಪಾಳ ಅಂಗಡಿಯಲ್ಲಿ, ನನ್ನ ಕಣ್ಣಾರೆ," ಎಂದೆ. ಇದ್ದದ್ದನ್ನೇ ಹೇಳಿದ್ದು.

ಆಶ್ಚರ್ಯ ಇರುವುದು ಇಲ್ಲಿ. ಹೋದಲ್ಲೆಲ್ಲ ಹುಡುಕಿಸಿದೆ, ಹೋದಲ್ಲೆಲ್ಲ ಕರಡಿ ಇತ್ತು. ಒಂದೂ ತಪ್ಪಿಲ್ಲ. ಎಲ್ಲರೂ ಅವಳ ಕಂಪ್ಯೂಟರಿಗೆ ಫ್ಲಾಪಿ ಹಾಕಿ ಕಡತ ತುಂಬಿಸಿಕೊಂಡು ಬಂದವರೇ. ಲಂಡನ್ನಿನಲ್ಲಿ ಕಾಲರಾ ಬಂದಾಗ ವೈದ್ಯನೊಬ್ಬ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ, ಯಾವ ಪಂಪಿನ ನೀರಿನಿಂದ ಎಂದು ಹಿಡಿದನಲ್ಲ, ನಾನೂ ಯಲ್ಲಾಪುರದ ನಕ್ಷೆ ಬರೆದೆ. ಕರಡಿ ಸಿಕ್ಕಲ್ಲೆಲ್ಲ ಕೆಂಪು ಚುಕ್ಕೆ. ನಡುವೆ ಅಂಗಡಿ. ಎಷ್ಟು ಚಂದವಾಗಿ ಹೊಂದುತ್ತದೆ! ವಿಜ್ಞಾನವೆಂದರೆ ಇದು.

ಸೀತಾಳ ಮನೆಯಲ್ಲಿ ಕಂಪ್ಯೂಟರಿಲ್ಲ, ಆದರೂ ಹೇಳಿ ಬಂದೆ.

೧೪ ಮೇ, ಮಂಗಳವಾರ

ಊರು ಎಚ್ಚೆತ್ತಿದೆ. ಶಿಲ್ಪಾಳ ಅಂಗಡಿಯ ಮೆಟ್ಟಿಲಲ್ಲಿ ಯಾರೂ ಕಾಣಲಿಲ್ಲ. ಅವಳಲ್ಲಿ ಟೈಪಿಂಗ್ ಕಲಿಯುತ್ತಿದ್ದ ಹುಡುಗಿಯರೂ ಬಿಟ್ಟರಂತೆ. ಒಮ್ಮೆ ಹತ್ತಿ ನೋಡಿದೆ. ನಾಲ್ಕೂ ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಫೋನಿನಲ್ಲಿ ತಂದೆಯ ಹತ್ತಿರ ಮಾತಾಡುತ್ತಿದ್ದಳು. "ಇಲ್ಲಪ್ಪಾ, ರೋಗ ಗೀಗ ಏನೂ ಇಲ್ಲ. ನಾ ಹೇಳ್ತೀನಲ್ಲ." ನನ್ನನ್ನು ಕಂಡು ಕುರ್ಚಿ ಸರಿಸಿದಳು, ಆದರೆ "ಬರ್ರಿ" ಎನ್ನಲಿಲ್ಲ. ನಾನೂ ಕೂರಲಿಲ್ಲ.

ಸೀತಾ ಬೇಲಿಯಾಚೆಯಿಂದ ಹೇಳಿದಳು. "ಅಭಿಜ್ಞನ ರಿಸಲ್ಟು ಅಲ್ಲಿ ನೋಡ್ಸದೇ ಇಲ್ಲೆ ಅತ್ತಿಗೆ. ಕರಡಿ ಮಾರ್ಕು ತಿದ್ದಿ ಇಟ್ರೆ ಎಂತ ಮಾಡವು? ಶಿರಸಿಗೇ ಕರ್ಕಂಡು ಹೋಗ್ತೆ."

ಕರಡಿ ಮಾರ್ಕು ತಿದ್ದುತ್ತದೆಂದು ನಾನು ಹೇಳಿರಲಿಲ್ಲ. ಜನ ಬಾಯಿಗೆ ಬಂದದ್ದು ಸೇರಿಸುತ್ತಾರೆ.

ಊಟಕ್ಕೆ ಕೂತಾಗ ಇವರು, "ಎಲ್ಲಾ ಮನೆ ಆತಾ?" ಎಂದರು. ಆಯಿತೆಂದೆ. "ಇಪ್ಪತ್ತೊಂದು ಆದ್ರೆ ಸಾಕಿತ್ತು," ಎಂದು ಮಜ್ಜಿಗೆ ಸುರಿದುಕೊಂಡರು. ಅರ್ಥವಾಗಲಿಲ್ಲ. ಕೆಲವೊಮ್ಮೆ ಇವರು ಏನಾದರೂ ಹೇಳಬೇಕೆಂದು ಹೇಳುತ್ತಾರೆ.

೧೭ ಮೇ, ಶುಕ್ರವಾರ

ಉಮ್ಮಚಗಿಗೆ ಹೋಗಿದ್ದೆ. ಅಲ್ಲಿನ ಸೊಸೈಟಿಯೊಂದರ ಗುಮಾಸ್ತೆ ಶ್ರೀಲಕ್ಷ್ಮಿ ಹಿಂದೆ ನಮ್ಮ ಆಫೀಸಿನಲ್ಲಿ ಹಂಗಾಮಿ ಕೆಲಸ ಮಾಡಿದವಳು. ಅವರಿಗೆ ಹೊಸ ಕಂಪ್ಯೂಟರ್ ಬಂದಿದೆಯೆಂದು ಕೇಳಿ, ಬಳಸುವ ಮೊದಲೇ ಎಚ್ಚರಿಸೋಣವೆಂದು ಬಸ್ಸು ಹತ್ತಿದೆ.

"ನಿಂಗ ಬಂದಿದ್ದು ಒಳ್ಳೇದಾತು ಅಕ್ಕ, ಪೆಟ್ಟಿಗೆ ಇನ್ನೂ ಬಿಚ್ಚಿದ್ದಿಲ್ಲೆ," ಎಂದಳು.

ನನ್ನೆದುರಿಗೇ ಅಂಟುಪಟ್ಟಿ ಕೊಯ್ದರು. ಥರ್ಮೋಕೋಲ್ ತೆಗೆದರು, ತಂತಿ ಸಿಕ್ಕಿಸಿದರು. ಪ್ಲಾಸ್ಟಿಕ್ಕಿನ ಹೊಸ ವಾಸನೆ ಕೋಣೆ ತುಂಬಿತ್ತು. ಆ ಊರಿಗೆ ಇಂಟರ್ನೆಟ್ಟಿಲ್ಲ, ಫ್ಲಾಪಿಯನ್ನು ಯಾರೂ ತಂದಿಲ್ಲ. ಶುದ್ಧವಾದ ಕಂಪ್ಯೂಟರ್ ಹೇಗಿರುತ್ತದೆಂದು ಅವಳಿಗೆ ತೋರಿಸಲು, "ಈಗ ಕರಡಿಯನ್ನು ಹುಡುಕು, ಸಿಗುವುದಿಲ್ಲ," ಎಂದೆ.

ಸಿಕ್ಕಿತು.

ಶ್ರೀಲಕ್ಷ್ಮಿ ಪರದೆಗೆ ಮೂಗು ತಾಗಿಸಿ ನೋಡಿದಳು. "ಇದ್ರಲ್ಲೂ ಇದ್ದು ಅಕ್ಕ. ಇದು ಹುಟ್ಟಿ ಅರ್ಧ ಗಂಟೆ ಆಜಿಲ್ಲೆ. ಇದಕ್ಕೆ ಶಿಲ್ಪನ ಅಂಗಡಿ ಎಲ್ಲಿದ್ದು ಹೇಳೇ ಗೊತ್ತಿಲ್ಲೆ."

ಕಾರ್ಖಾನೆಯಲ್ಲಿಯೇ ಸೋಂಕು ತಗುಲಿರಬೇಕೆಂದು ಮೊದಲು ಹೊಳೆಯಿತು. ಆದರೆ ಎಲ್ಲ ಕಾರ್ಖಾನೆಗೂ ಸೋಂಕೇ? ಎಲ್ಲ ಮನೆಯಲ್ಲಿಯೂ ಇರುವುದು ರೋಗವೋ, ಅಂಗಾಂಗವೋ? ಊರಿನ ಎಲ್ಲರಿಗೂ ಮೂಗಿದೆಯೆಂದು ನಕ್ಷೆ ಬರೆದರೆ ಅದೂ ಎಷ್ಟು ಚಂದವಾಗಿ ಹೊಂದೀತು.

ಕರಡಿ ಇಲ್ಲದ ಒಂದು ಕಂಪ್ಯೂಟರನ್ನು ನಾನು ಹುಡುಕಲೇ ಇಲ್ಲ. ಇರುವಲ್ಲೆಲ್ಲ ಚುಕ್ಕೆ ಇಟ್ಟೆ. ಬಸ್ಸಿನಲ್ಲಿ ಪಕ್ಕದವರು ಎರಡು ಸಲ ಮಾತಾಡಿಸಿದರಂತೆ, ನನಗೆ ಕೇಳಿಸಲಿಲ್ಲ.

೧೮ ಮೇ, ಶನಿವಾರ

ಬೆಳಿಗ್ಗೆಯೇ ಶಿಲ್ಪಾಳ ಹತ್ತಿರ ಹೋದೆ. ಅವಳ ಹುಬ್ಬಳ್ಳಿಯ ಮೇಷ್ಟ್ರು ಹಿಂದಿರುಗಿದ್ದಾರೆ. ಆ ಕರಡಿ ಕಂಪ್ಯೂಟರಿನ ಜೊತೆಯಲ್ಲಿಯೇ ಬರುವ ಸಾಧು ಕಡತ. ವೈರಸ್ಸಿನ ಸುದ್ದಿಯೇ ಸುಳ್ಳು. ಲೋಕವೆಲ್ಲ ನಂಬಿ ತನ್ನ ಕೈಯಾರೆ ಅಳಿಸುತ್ತಿದೆ. "ವೈರಸ್ ಇದ್ದದ್ದು ಆ ಕಾಗದದಾಗ ಅಲ್ರೀ ಅಮ್ಮಾರ, ಅದನ್ನ ಓದಿದವ್ರಾಗ," ಎಂದಳು. ನನ್ನ ಮುಖ ನೋಡಿ, "ನಿಮಗ ಅಂದದ್ದಲ್ರಿ," ಎಂದಳು. ನನಗೇ ಅಂದದ್ದು.

ಕಿಶೋರನಿಗೆ ಫೋನು ಮಾಡಿದೆ. "ನಂಗೂ ಯಾರೋ ಕಳಿಸಿದ್ದು ಅಕ್ಕ. ಒಳ್ಳೇದಕ್ಕೇ ಅಲ್ದ ಹೇಳಿ ಮುಂದೆ ಕಳಿಸ್ದೆ," ಎಂದ. ಭೌತಶಾಸ್ತ್ರದ ಮೇಷ್ಟ್ರು! ಫೋನಿನಲ್ಲಿ ಅವನನ್ನು ಬೈದು ಹುಡಿ ಮಾಡಿದೆ. ಇಟ್ಟ ಮೇಲೆ ಸಮಾಧಾನವಾಗಲಿಲ್ಲ.

ಶಿಲ್ಪಾಳ ತಂದೆ ಟೆಂಪೋ ಗೊತ್ತು ಮಾಡಿದ್ದಾನಂತೆ. ಫಲಿತಾಂಶ ಬುಧವಾರ. ಅವನು ಅಂದೇ ಬರುತ್ತಾನೆ.

ಹೇಳಿಕೆ ಮಾಡಿದ ಮದುವೆ ಸೂತಕದಿಂದ ನಿಂತರೆ, ಹೇಳಿದವರೇ ಅಷ್ಟೂ ಮನೆಗೆ ಹೋಗಿ ಹೇಳಿ ಬರಬೇಕು. ನಾಳೆಯಿಂದ ಹೊರಡುತ್ತೇನೆ.

೨೦ ಮೇ, ಸೋಮವಾರ

ಅಷ್ಟೂ ಮನೆ ಆಯಿತು. ಪ್ರಯೋಜನವಿಲ್ಲ.

ಕರಡಿ ಇದೆಯೆಂದಾಗ ಒಳಗೆ ಕೂರಿಸಿ ಕಷಾಯ ಕೊಟ್ಟವರು ಇಲ್ಲವೆಂದಾಗ ಬಾಗಿಲಲ್ಲಿಯೇ ಮಾತು ಮುಗಿಸಿದರು. "ಇರ್ಲಿ ಪೋಸ್ಟಕ್ಕ, ಹುಷಾರಿ ಒಳ್ಳೇದು." "ಆ ಅಂಗಡಿ ಕೂಸಿನ ಮೇಲೆ ಕನಿಕರ ಬಂತಾ?" ಮರದ ವ್ಯಾಪಾರಿಯ ಗುಮಾಸ್ತ ಕರಡಿಯ ಜೊತೆ ಚಿತ್ರವಿದ್ದ ಕಡತಗಳನ್ನೆಲ್ಲ ಅಳಿಸಿಬಿಟ್ಟಿದ್ದ, ಈಗ ಕಂಪ್ಯೂಟರ್ ಏಳುತ್ತಲೇ ಇಲ್ಲ. ಅದಕ್ಕೂ ಶಿಲ್ಪಾಳನ್ನೇ ಬೈದ. "ಅಳಿಸಲು ಹೇಳಿದ್ದು ನಾನು," ಎಂದೆ. "ನೀವು ಹೇಳದೇ ಇದ್ದಿದ್ರೆ ಇನ್ನೂ ಎಂತಾ ಆಗ್ತಿತ್ತೋ," ಎಂದ.

೨೨ ಮೇ, ಬುಧವಾರ

ಇವತ್ತಿನದನ್ನು ಒಂದೂ ಬಿಡದೆ ಬರೆಯಬೇಕು.

ಬೆಳಿಗ್ಗೆ ಹೋದಾಗ ಮೆಟ್ಟಿಲ ಬುಡದಲ್ಲಿ ಟೆಂಪೋ ನಿಂತಿತ್ತು, ಹಗ್ಗದ ಸಿಂಬಿ ಸಮೇತ. ಮೇಲೆ ಸಂಗಯ್ಯ ಬೆಂಚಿನ ಮೇಲೆ ಕೂತಿದ್ದ, ಹಣೆ ತುಂಬ ವಿಭೂತಿ, ಕೈಕಟ್ಟಿಕೊಂಡು. ಶಿಲ್ಪಾ ನಾಲ್ಕೂ ಕಂಪ್ಯೂಟರ್ ಚಾಲು ಮಾಡಿ ಖಾಲಿ ಕುರ್ಚಿಗಳ ನಡುವೆ ನಿಂತಿದ್ದಳು. ಎದುರು ಬಸ್ ಸ್ಟ್ಯಾಂಡಿನಲ್ಲಿ ಶಿರಸಿಯ ಬಸ್ಸಿಗೆ ಹತ್ತುತ್ತಿದ್ದವರೆಲ್ಲ ಹತ್ತನೇ ಕ್ಲಾಸಿನ ಮಕ್ಕಳು ಮತ್ತು ತಾಯಂದಿರು.

ಇಳಿದು ಹೋಗಿ ಬಸ್ಸಿನ ಬಾಗಿಲಿಗೆ ಅಡ್ಡ ನಿಂತೆ. "ಕರಡಿಯ ಸುದ್ದಿ ಸುಳ್ಳು. ಹಬ್ಬಿಸಿದವಳು ನಾನು. ಈ ಹುಡುಗಿಯ ತಪ್ಪು ಒಂದೂ ಇಲ್ಲ."

"ಅಮ್ಮಾ, ಬಾಗ್ಲು ಬಿಡ್ರಿ, ಸುದ್ದಿ ಆಮೇಲೆ ಹೇಳ್ರಿ," ಎಂದ ಕಂಡಕ್ಟರ್.

ಸೀತಾ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. "ಆವತ್ತೂ ನಿಂಗ ಹೀಂಗೇ ಖಚಿತವಾಗಿ ಹೇಳಿದ್ದಿ ಅತ್ತಿಗೆ."

ಹಾಗಾಗಿ, "ನನ್ನ ಮಾತು ನಂಬಬೇಡ," ಎಂದೆ. "ಬಸ್ಸು ಹೊರಡಲು ಇನ್ನೂ ಹೊತ್ತಿದೆ. ಮೇಲೆ ಬಂದು ನೋಡು. ಆಮೇಲೆ ಶಿರಸಿಗೂ ಹೋಗಿ ನೋಡು. ಎರಡೂ ತಾಳೆಯಾಗದಿದ್ದರೆ ಇದೇ ಜಾಗದಲ್ಲಿ ನಿಂತು ನನಗೆ ಬೈ."

ಸೀತಾ ಯೋಚಿಸುತ್ತಿದ್ದಳು. ಅಭಿಜ್ಞಾ ಯೋಚಿಸಲಿಲ್ಲ. "ಶಿರಸಿವರೆಗೆ ಕಾಯಲೆ ನನ್ನ ಹತ್ರ ಆಗ್ತಿಲ್ಲೆ ಅಮ್ಮ," ಎಂದು ರಸ್ತೆ ದಾಟಿ ಮೆಟ್ಟಿಲು ಹತ್ತಿಯೇ ಬಿಟ್ಟಳು. ಹಿಂದೆ ಸೀತಾ. ಅವಳ ಹಿಂದೆ, ಏನಾಗುತ್ತದೆ ನೋಡೋಣವೆಂದು ಅರ್ಧ ಬಸ್ಸು.

ಮೆಟ್ಟಿಲು ಹತ್ತುವಾಗ ನನಗೆ ಭಯ ಹಿಡಿಯಿತು. ಅಭಿಜ್ಞಾಳಿಗೆ ಗಣಿತ ಬರುವುದಿಲ್ಲ. ಫೇಲಾದಳೋ, ಕರಡಿ ತಿಂದಿತೆಂದು ಊರೆಲ್ಲ ಹೇಳುತ್ತದೆ, ಅಂಗಡಿ ಅಲ್ಲಿಗೇ ಮುಗಿಯಿತು.

ಮೋಡೆಮ್ಮು ಕಿರುಚಿತು, ಲೈನು ಬಿಟ್ಟು ಹೋಯಿತು. ಮತ್ತೆ ಕಿರುಚಿತು, ಮತ್ತೆ ಹೋಯಿತು. "ನೋಡಿ, ಕರಡಿ," ಎಂದರು ಹಿಂದಿನಿಂದ ಯಾರೋ. ಅದು ಟೆಲಿಫೋನ್ ಲೈನು, ಕರಡಿಯಲ್ಲ ಎಂದು ನಾನು ಗದರಿದೆ. ಶಿಲ್ಪಾ ಮತ್ತೆ ಒತ್ತಿದಳು. ಈ ಸಲ ಹಿಡಿಯಿತು. ಅಭಿಜ್ಞಾ ನಂಬರು ಹೇಳಿದಳು. ಪುಟ ಮೇಲಿಂದ ಕೆಳಗೆ ಇಷ್ಟಿಷ್ಟೇ ಇಳಿಯಿತು. ಹೆಸರು. ಕನ್ನಡ, ನೂರಿಪ್ಪತ್ತೈದಕ್ಕೆ ನೂರರ ಮೇಲೆ. ಇಂಗ್ಲಿಷು, ಪರವಾಗಿಲ್ಲ. ಗಣಿತ, ಮೂವತ್ತಾರು. ಕೊನೆಯಲ್ಲಿ, ಪಾಸು.

ಸೀತಾ ಕನ್ನಡಕ ಸರಿಮಾಡಿಕೊಂಡು ಆ ಮೂವತ್ತಾರನ್ನು ಬಹಳ ಹೊತ್ತು ನೋಡಿದಳು.

"ಇದು ಇದರದ್ದೇ ಮಾರ್ಕು," ಎಂದಳು. "ಕರಡಿಗೆ ಇಷ್ಟು ಸರೀ ಗೊತ್ತಾಗ್ತಿತ್ತಿಲ್ಲೆ."

ಕೋಣೆಯೆಲ್ಲ ನಕ್ಕಿತು. ಅಭಿಜ್ಞಾಳೂ ನಕ್ಕಳು, ಅಳುತ್ತಲೇ. "ನಮ್ಮ ಮಾಣಿದೂ ನೋಡು ತಂಗಿ." "ನಮ್ಮನಿ ಹುಡುಗೀದು ಮೊದ್ಲ ನೋಡ್ರಿ." ಕುರ್ಚಿಗಳು ಯಾವಾಗ ತುಂಬಿದವೋ ನೋಡಲಿಲ್ಲ. ಕೆಳಗೆ ಬಸ್ಸು ಹಾರ್ನು ಹೊಡೆದು ಹೊಡೆದು ಹೊರಟು ಹೋಯಿತು.

ಸಂಗಯ್ಯ ಬೆಂಚು ಬಿಟ್ಟು ಎದ್ದು ಗೋಡೆಗೆ ಆತುಕೊಂಡಿದ್ದ. ನಾನು ಹತ್ತಿರ ಹೋಗಿ, "ನಿಮ್ಮ ಮಗಳಿಗೆ ನನ್ನಿಂದ ಅನ್ಯಾಯವಾಯಿತು," ಎಂದೆ.

"ನೀವು ಓದಿದವ್ರು ಅಮ್ಮಾರ, ನಿಮ್ಮ ಮಾತ ಊರು ನಂಬ್ತು. ಊರು ಬಿಡ್ರಿ, ನಾನೂ ನಂಬಿದ್ನಿ," ಎಂದ. ಮಗಳ ಕಡೆ ಕೈ ತೋರಿಸಿದ. "ಇಕಿ ಫೋನಿನ್ಯಾಗ ದಿನಾ ಹೇಳಿದ್ಲು, ಏನೂ ಇಲ್ಲಪ್ಪಾ ಅಂತ. ಇಕಿ ಮಾತ ನಂಬ್ಲಿಲ್ಲ ನೋಡ್ರಿ."

ಆಮೇಲೆ ಕೆಳಗಿಳಿದ. ಟೆಂಪೋ ಹೊರಟ ಸದ್ದು ಕೇಳಿ ಕಿಟಕಿಗೆ ಓಡಿದೆ. ಅದನ್ನು ಖಾಲಿಯಾಗಿಯೇ ಕಳಿಸಿದ್ದ. ತಾನು ಮಾತ್ರ ಮೆಟ್ಟಿಲ ಬುಡದಲ್ಲಿ ನಿಂತು, "ಸಾಲಾಗಿ ಬರ್ರಿ, ನುಗ್ಗಬ್ಯಾಡ್ರಿ, ಎಲ್ಲಾರದೂ ನೋಡ್ತಾಳ ನಮ್ಮ ಶಿಲ್ಪಾ," ಎನ್ನುತ್ತಿದ್ದ.

೩೦ ಮೇ, ಗುರುವಾರ

ಪತ್ರಿಕೆಯಲ್ಲಿ ಮಂಗಳ ಗ್ರಹದ ಸುದ್ದಿ! ನೆಲದಡಿಯಲ್ಲಿ ಮಂಜುಗಡ್ಡೆಯ ರಾಶಿ ಇರುವ ಕುರುಹು ಸಿಕ್ಕಿದೆಯಂತೆ. ಹೋದ ತಿಂಗಳು ಮಿಲ್ಲಿನ ತಗಡಿನ ಮೇಲೆ ನಾನು ನೋಡಿದ್ದು ಅದನ್ನೇ. ಸೀತಾಳಿಗೆ ಬೇಲಿಯ ಹತ್ತಿರವೇ ಹೇಳಿಬಿಡುವವಳಿದ್ದೆ. ಯಾವ ಯಂತ್ರ ನೋಡಿತು, ಹೇಗೆ ನೋಡಿತು ಎಂದು ಪತ್ರಿಕೆಯವನು ಬರೆದಿಲ್ಲ. ಅದನ್ನು ಮೊದಲು ಓದಿಕೊಳ್ಳೋಣವೆಂದು, ತಿಂಡಿಯನ್ನೂ ತಿನ್ನದೆ ಅಂಗಡಿಗೆ ಓಡಿದೆ.

ನಾಲ್ಕೂ ಕುರ್ಚಿಯಲ್ಲಿ ಜನ. ಟೈಪಿಂಗಿನ ಹುಡುಗಿಯರು ಮೆಟ್ಟಿಲ ಮೇಲೆ ಸಾಲು ಕೂತಿದ್ದಾರೆ. "ಒಂದು ತಾಸು ಆಗ್ತೈತ್ರಿ ಅಮ್ಮಾರ. ಬೆಂಚಿನ ಮ್ಯಾಲೆ ಕುಂದರ್ರಿ," ಎಂದಳು ನಮ್ಮ ಶಿಲ್ಪಾ, ತಲೆ ಎತ್ತದೆ. ಸುದ್ದಿ ಮಂಗಳ ಗ್ರಹದ್ದೆಂದು ವಿವರಿಸಿ ಹೇಳಿದೆ. "ಅದು ಎಲ್ಲಿಗೂ ಹೋಗೂದಿಲ್ರಿ," ಎಂದಳು.

ಕೂತೆ, ಕಾದೆ, ಕಾದು ಕಾದು ಊಟದ ಹೊತ್ತಿಗೆ ಮನೆಗೆ ಬಂದೆ. ಎಂಥ ಊರು ಇದು. ಮಂಗಳ ಗ್ರಹದಲ್ಲಿ ನೀರು ಸಿಕ್ಕಿದೆ, ಯಲ್ಲಾಪುರದಲ್ಲಿ ನನಗೊಂದು ಕುರ್ಚಿ ಸಿಗುವುದಿಲ್ಲ.